ಕೂಸು ಇಣುಕುವ ಭೂಶಿರ

ನಕಾಶೆಯಲ್ಲಿ, ಉತ್ತರದ ಹಿಮಗಡಲಲ್ಲಿರುವ ನಮ್ಮ ದ್ವೀಪದ ಆ ಭೂಶಿರಕ್ಕೆ ಯಾವನೋ ಹಡಗಿನ ಕಪ್ತಾನನ ಹೆಸರಿದೆ. ಒಂದು ಬೇಸಿಗೆ ಬಂದ, ದೂರದಿಂದ ನೋಡಿದ, ಹೋದ. ಅವನ ಹೆಸರು ಕಟ್ಟಿಕೊಂಡು ನಮಗೇನಾಗಬೇಕು? ನಾವು ಅದನ್ನು 'ಕೂಸು ಇಣುಕುವುದು' ಎನ್ನುತ್ತೇವೆ. ದೊಡ್ಡ ಬಂಡೆಯ ಹೆಗಲ ಹಿಂದೆ ಪುಟ್ಟ ಗುಡ್ಡವೊಂದಿದೆ, ಅಮ್ಮನ ಬೆನ್ನ ಮೇಲೆ, ತೊಗಲಂಗಿಯ ಮುಸುಕಿನಲ್ಲಿ ಕುಳಿತ ಮಗುವಿನ ಹಾಗೆ. ಮುದ್ದಿಗೆ ಇಟ್ಟ ಹೆಸರು ಎಂದೇ ನಾನು ತಿಳಿದಿದ್ದೆ.

ಆ ವಸಂತದಲ್ಲಿ ಸೀಲ್ ಬೇಟೆ ಮುಗಿಸಿ, ಹೆಪ್ಪುಗಟ್ಟಿದ ಕಡಲ ಮೇಲೆ ಮನೆಗೆ ಮರಳುತ್ತಿದ್ದೆವು. ಗಂಡ ಅಮಾರುವಾಕ್ ಸ್ನೋಮೊಬೈಲ್ ಓಡಿಸುತ್ತಿದ್ದ. ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ತುಂಬು ಬಸುರಿ ನಾನು, ಪಕ್ಕದಲ್ಲಿ ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ಉವಿಲುಕ್. ದಟ್ಟ ಮಂಜು. ಅದು ಒಮ್ಮೆ ತೆಳುವಾದಾಗ ಭೂಶಿರ ಕಂಡಿತು.

"ಊರು ಬಂದೇಬಿಡ್ತು! ನೇರ ಹೊಡೀತೀನಿ" ಎಂದ ಅಮಾರುವಾಕ್.

"ನಿಲ್ಸೋ!" ಅತ್ತೆ ಕೂಗಿದರು. "ಸೊಸೆ, ಕೂಸು ಇಣುಕ್ತಾ ಇದ್ಯಾ ನೋಡು."

"ಇಲ್ಲ ಅತ್ತೆ, ಬರೀ ಅಮ್ಮನ ಹೆಗಲು."

"ಅವ್ವಾ, ಕಣ್ಣು ಕಾಣದೋಳು ನೀನು ನಂಗೆ ದಾರಿ ಹೇಳ್ತೀಯಾ? ಇವಳು ಚಳೀಲಿ ನಡುಗ್ತಿದಾಳೆ."

"ಬಾಯ್ಮುಚ್ಚೋ, ಕಂಡಿದೀನಿ ದೊಡ್ಡ ಬೇಟೆಗಾರನ್ನ! ಕೂಸು ಅಡಗಿದ್ರೆ ಕಾಲ ಕೆಳಗೆ ನೀರಿನ ಸೆಳವಿದೆ ಅಂತ ಅರ್ಥ, ಹಿಮಗಡ್ಡೆ ತೆಳು. ಅದು ಇಣುಕೋವರೆಗೂ ಎಡಕ್ಕೇ ಹೋಗು. ಆಮೇಲೆ ತಿರುಗು."

ಗೊಣಗುತ್ತಲೇ ಎಡಕ್ಕೆ ಹೊರಳಿಸಿದ. ನಾನು ಕಣ್ಣು ಕೀಳದೆ ನೋಡಿದೆ. ಬಹಳ ಹೊತ್ತಾದ ಮೇಲೆ ಹೆಗಲ ಹಿಂದಿನಿಂದ ಪುಟ್ಟ ತಲೆ ಮೇಲೆದ್ದಿತು.

"ಇಣುಕ್ತು ಅತ್ತೆ! ಇಣುಕ್ತು!"

ತಿರುಗಿ ಊರ ಕಡೆ ಹೊರಟಾಗ ಮಂಜು ಸರಿಯಿತು. ಅವನು ನೇರ ಹೊಡೆಯುತ್ತೇನೆಂದ ಜಾಗದಲ್ಲಿ ಕಡಲು ಬಾಯಿ ಬಿಟ್ಟಿತ್ತು. ಕರಿ ನೀರಿನಿಂದ ಹಬೆ ಏಳುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡೆ.

"ಯಾಕೋ, ಈಗ ನೇರ ಹೊಡೀತೀಯಾ?" ಎಂದು ನಕ್ಕರು ಅತ್ತೆ.

ಎಂಥ ಜನ ನಮ್ಮ ಹಿರಿಯರು! ಒಂದು ಹೆಸರಿನಲ್ಲಿ ದಾರಿಯನ್ನೂ ಸೆಳವನ್ನೂ ಮಕ್ಕಳ ಪ್ರಾಣವನ್ನೂ ಕಟ್ಟಿಟ್ಟು ಹೋದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ನನ್ನ ಹೆರಿಗೆಗೆ ಮುಂಚೆಯೇ ಅತ್ತೆ ತೀರಿಕೊಂಡರು. ಹುಟ್ಟಿದ ಹೆಣ್ಣಿಗೆ ಅವರದೇ ಹೆಸರಿಟ್ಟೆವು. ಹೆಸರು ಯಾರದೋ ನಂಟೂ ಅವರದೇ, ಇದು ನಮ್ಮಲ್ಲಿಯ ರೂಢಿ. ಅಪ್ಪ ಮಗಳನ್ನು 'ಅವ್ವ' ಎನ್ನುತ್ತಾನೆ. ನನಗೆ ಅವಳು ಅತ್ತೆ.

ಮರುವರ್ಷ ಅದೇ ದಾರಿ. ಭೂಶಿರ ಹತ್ತಿರವಾದಾಗ ನನ್ನ ಮುಸುಕಿನೊಳಗೆ ಮಗು ಮಿಸುಕಾಡಿ, ಹೆಗಲ ಮೇಲಿಂದ ತಲೆ ಹೊರಗೆ ಹಾಕಿತು.

"ನೋಡಿ ಅತ್ತೆ, ಅಲ್ಲೂ ಇಣುಕ್ತಾ ಇದೆ" ಎಂದೆ.

ಅಮಾರುವಾಕ್ ಗಾಡಿ ನಿಲ್ಲಿಸಿ, ಇಳಿದು ಬಂದು ಮಗುವಿನ ಮುಂದೆ ಬಗ್ಗಿದ.

"ಅವ್ವಾ, ಈಗ ತಿರುಗಿಸ್ಲಾ?"

ಅವನು ತಮಾಷೆಗೆ ಕೇಳಲಿಲ್ಲ.