ಒಂದ್ ತಾಸ ಇದನ್ನ ಹಿಡ್ಕೋ

ನನ್ನ ಗಂಡನಿಗೆ ನಾನು ಗೋಡೆಯ ಗೂಟವಿದ್ದ ಹಾಗೆ. ಅಂಗಿಯನ್ನೂ ನೇತುಹಾಕುತ್ತಾನೆ, ಸಂತೆಯ ಚೀಲವನ್ನೂ ನೇತುಹಾಕುತ್ತಾನೆ. ದೇವರನ್ನೂ ನನಗೇ ನೇತುಹಾಕಿ ಹೋಗುತ್ತಾನೆಂದು ಮಾತ್ರ ಆ ದ್ವೀಪಕ್ಕೆ ಹೋಗುವವರೆಗೆ ಗೊತ್ತಿರಲಿಲ್ಲ.

ನನ್ನ ಗಂಡ ಅನಿಲಕುಮಾರನದು ರೋಣದಲ್ಲಿ ಬೀಜ, ಗೊಬ್ಬರದ ಅಂಗಡಿ. ಈ ವರ್ಷ ಕೀಟದ ಔಷಧ ಚೆನ್ನಾಗಿ ಮಾರಿದ ಅಂಗಡಿಕಾರರನ್ನು ಕಂಪನಿಯವರು ಹೆಂಡಂದಿರ ಸಮೇತ ಪ್ರವಾಸಕ್ಕೆ ಕರೆದೊಯ್ದರು. ರೋಣದಿಂದ ನಾವು, ನರಗುಂದದಿಂದ ಉಡಚಪ್ಪ ಮತ್ತು ಅವನ ಹೆಂಡತಿ ಯಂಕವ್ವ, ಗಜೇಂದ್ರಗಡದಿಂದ ಸಾಜೀದ ಮತ್ತು ಅವನ ಹೆಂಡತಿ ಫರ್ಜಾನಾ. ಗೋವಾದ ದಂಡೆಯವರೆಗೆ ಬಸ್ಸು, ಅಲ್ಲಿಂದ ಲಾಂಚಿನಲ್ಲಿ ದ್ವೀಪ. ಎರಡು ದಿನ ಒಲೆಯ ಮುಂದೆ ಕೂರುವುದು ತಪ್ಪಿತೆಂದು ನಾನೂ ಖುಷಿಯಾಗಿಯೇ ಹೊರಟೆ. ಸುಳ್ಳೇಕೆ ಹೇಳಲಿ, ಹೊಸ ಇಳಕಲ್ ಸೀರೆಯನ್ನೇ ಉಟ್ಟಿದ್ದೆ.

ಅಲ್ಲಿ ವೈನ್ ಹಬ್ಬ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಅನಿಲಕುಮಾರನಿಗೆ ಗೊತ್ತಿತ್ತು.

ಕುಡಿದು ಕುಡಿದು ರಕ್ತ ಕಾರಿಕೊಂಡವನು ನನ್ನ ಗಂಡ. ಇನ್ನೊಮ್ಮೆ ಬಾಯಿಗೆ ಹಚ್ಚಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಆಗ ನನ್ನ ಅತ್ತೆ ಬಾಳವ್ವ ಭಜನೆ ಮಾಡುತ್ತ ಹೋಗುವ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದುಹೋಗಿ, ತುಳಸಿ ಮಾಲೆ ತಂದು ಮಗನ ಕೊರಳಿಗೆ ಹಾಕಿದಳು. ನಮ್ಮ ಕಡೆ ಅಷ್ಟು ಸಾಕು. ಮಾಲೆ ಹಾಕಿದವನು ಕುಡಿಯುವುದಿಲ್ಲ, ಅವನಿಗೆ ಯಾರೂ ಒತ್ತಾಯ ಮಾಡುವುದೂ ಇಲ್ಲ. ಅಂದಿನಿಂದ ಅವನು ಒಂದು ಹನಿ ಮುಟ್ಟಿರಲಿಲ್ಲ. ನೆಟ್ಟಗೆ ನಡೆದು ಮನೆಗೆ ಬರುವ ಗಂಡನನ್ನು ನೋಡಿ ನಾನು ಬದುಕಿಕೊಂಡಿದ್ದೆ.

ಸಂಜೆ ದೊಡ್ಡ ಬಿಳಿ ಡೇರೆಯ ಮುಂದೆ ಕಂಪನಿಯ ಮ್ಯಾನೇಜರ್ ಕೈ ತಿಕ್ಕುತ್ತ ನಿಂತಿದ್ದ. "ಇದು ಕುಡಿಯೋದಲ್ಲ ಸರ್. ಬರೀ ರುಚಿ ನೋಡೋದು. ಬಾಯಲ್ಲಿ ಆಡಿಸಿ ಬಕೆಟ್‌ಗೆ ಉಗುಳಿಬಿಡೋದು" ಎಂದ.

ಅನಿಲಕುಮಾರ ನನ್ನನ್ನು ಪಕ್ಕಕ್ಕೆ ಕರೆದ. ಅತ್ತಿತ್ತ ನೋಡಿ, ಗಡಿಬಿಡಿಯಲ್ಲಿ ಮಾಲೆ ತೆಗೆದು ನನ್ನ ಕೈಗೆ ತುರುಕಿದ.

"ಒಂದ್ ತಾಸ ಇದನ್ನ ಹಿಡ್ಕೋ."

"ಯಾಕ್ರಿ?"

"ಮಾಲಿ ಹಾಕ್ಕೊಂಡು ಬಾಯಿಗೆ ಹಚ್ಚಿದ್ರ ಪಾಪ ಬರತೈತಿ. ಕೊಳ್ಳಾಗ ಇಲ್ಲಂದ್ರ ಏನೂ ಆಗಂಗಿಲ್ಲ."

"ಡಾಕ್ಟರ್ ನಿಮ್ಮ ಕೊಳ್ಳ ನೋಡಿ ಹೇಳಿದ್ರೇನು, ಹೊಟ್ಟಿ ನೋಡಿ ಹೇಳಿದ್ರೋ?"

"ಬಾಯಿ ಮಾಡಬ್ಯಾಡ, ಮಂದಿ ಕೇಳತಾರ" ಎಂದು ಒಳಗೆ ಹೋಗಿಯೇಬಿಟ್ಟ.

ಹೊರಗಿನ ಬೆಂಚಿನ ಮೇಲೆ ಯಂಕವ್ವ ಕುಳಿತಿದ್ದಳು. ಅವಳ ಮುಷ್ಟಿಯಲ್ಲಿ ಉಡಚಪ್ಪನ ಕೊರಳಿನ ಎಲ್ಲಮ್ಮನ ಬೆಳ್ಳಿ ಪದಕ. ಪಕ್ಕದಲ್ಲಿ ಫರ್ಜಾನಾ, ಅವಳ ಮಡಿಲಲ್ಲಿ ಸಾಜೀದನ ತೋಳಿನ ತಾಯತ. ಮೂವರೂ ಒಬ್ಬರ ಕೈಯನ್ನೊಬ್ಬರು ನೋಡಿದೆವು.

"ದೇವರನ್ನೆಲ್ಲಾ ನಮ್ಮ ಕೈಯಾಗ ಕೊಟ್ಟು ಹೋಗ್ಯಾರ ನೋಡವಾ" ಎಂದು ಯಂಕವ್ವ ಹೊಟ್ಟೆ ಹಿಡಿದು ನಕ್ಕಳು.

"ನಮ್ಮವರದು ಯಾವಾಗ್ಲೂ ಹಿಂಗ. ಸುಮ್ಮ ಹಿಡ್ಕೊಂಡು ಕುಂದರೂದು" ಎಂದಳು ಫರ್ಜಾನಾ.

ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಇವರ ಗಂಡಂದಿರು ಕುಡಿದರೆ ಬೆಳಿಗ್ಗೆ ತಲೆನೋವು. ನನ್ನವನು ಕುಡಿದರೆ ಸಾಯುತ್ತಾನೆ. ಎದ್ದು ಸೀದಾ ಡೇರೆಯೊಳಗೆ ನಡೆದೆ.

ಸೂಟು ತೊಟ್ಟ ಹುಡುಗಿಯೊಬ್ಬಳು ಕೆಂಪು ವೈನ್ ಸುರಿಯುತ್ತ ದ್ರಾಕ್ಷಿಯ ಹುಟ್ಟೂರಿನ ಬಗ್ಗೆ ಮಾತಾಡುತ್ತಿದ್ದಳು. ಉಡಚಪ್ಪ ಮುಖ ಕಿವುಚಿ ಬಕೆಟ್ಟಿಗೆ ಉಗುಳಿದ. ನನ್ನ ಗಂಡ ಉಗುಳಲಿಲ್ಲ. ಗುಟುಕು ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ಕಂಡೆ.

"ಉಗಳ್ರಿ" ಎಂದೆ.

"ಇಷ್ಟ್ ತುಟ್ಟೀದು, ಹ್ಯಾಂಗ ಉಗಳಲಿ?" ಎಂದು ಹಲ್ಲು ಕಿರಿದ.

ನಾನು ಮುಂದೆ ಹೋಗಿ, ಎಲ್ಲರೆದುರಿಗೆ ಮಾಲೆಯನ್ನು ಅವನ ಕೊರಳಿಗೆ ಹಾಕಿದೆ. "ಈಗ ಕುಡೀರಿ. ಬರಲಿ ಪಾಪ" ಎಂದೆ.

ಅನಿಲಕುಮಾರ ಗ್ಲಾಸನ್ನು ಮೇಜಿನ ಮೇಲಿಟ್ಟ. ನನ್ನ ಜೀವ ತಣ್ಣಗಾಯಿತು. ಆಮೇಲೆ ಅವನು ಎರಡೂ ಕೈ ಎತ್ತಿ, ದಾರ ಕಾಲರಿಗೆ ಸಿಕ್ಕದ ಹಾಗೆ ಜೋಪಾನವಾಗಿ ಮಾಲೆ ತೆಗೆದ. ಕಣ್ಣಿಗೆ ಒತ್ತಿಕೊಂಡ. ಭಕ್ತಿಯಿಂದ ಮಡಚಿ ನನ್ನ ಅಂಗೈಯಲ್ಲಿಟ್ಟ. ಗ್ಲಾಸನ್ನು ಮತ್ತೆ ಕೈಗೆತ್ತಿಕೊಂಡ.

ಬೈದಿದ್ದರೆ, ಹೊಡೆದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಲ್ಲೇ ನಿಂತು ಮಾಲೆಯನ್ನು ನನ್ನ ಕೊರಳಿಗೆ ಹಾಕಿಕೊಂಡು ಹೊರಗೆ ಬಂದೆ.

ಮರುದಿನ ತಿರುಗಿ ಬರುವಾಗ ಲಾಂಚಿನಲ್ಲಿ ಪಕ್ಕಕ್ಕೆ ಬಂದು ಕುಳಿತ. ಬಾಯಿ ಇನ್ನೂ ಹುಳಿಹುಳಿ ನಾರುತ್ತಿತ್ತು.

"ಕೊಡು ಅದನ್ನ. ಅವ್ವ ನೋಡತಾಳ."

"ನೋಡಲಿ."

"ಆಕಿ ಎದಿ ಒಡಕೋತಾಳ, ರಾಜೇಶ್ವರಿ."

"ನಂದು ಒಡದದ್ದು ನಿಮಗ ಕಂಡಿಲ್ಲೇನು?"

ನನ್ನ ಕೊರಳಿಗೆ ಕೈ ಹಾಕಲು ಬಂದ. ಮಣಿಕಟ್ಟು ಹಿಡಿದು ಹಿಂದಕ್ಕೆ ತಳ್ಳಿದೆ. "ಬರೇ ಕೊಳ್ಳಾಗ ಹೋಗಿ ನಿಮ್ಮವ್ವನ ಮುಂದ ನಿಂದರ್ರಿ. ಯಾಕ ತಗದ್ನಿ ಅಂತ ನೀವಽ ಹೇಳ್ರಿ."

ಅವನು ಆ ಸುಡುವ ಬಿಸಿಲಿನಲ್ಲಿ ಅಂಗಿಯ ಗುಂಡಿಗಳನ್ನು ಗಂಟಲಿನವರೆಗೂ ಹಾಕಿಕೊಂಡ.

ನಾನು ಕೈ ಚಾಚಿ ಮೇಲಿನ ಗುಂಡಿಯನ್ನು ಬಿಚ್ಚಿದೆ.