ಉಡದಾರದಲ್ಲಿದ್ದ ಕೀಲಿ

ನಾನು ಒಂದು ಎಲೆಕ್ಟ್ರಿಕ್ ಸೈಕಲ್. ತಗಡಿನ ಚಾವಣಿಯ ಕಾರ್ಖಾನೆಯಲ್ಲಿ ಹುಟ್ಟಿದೆ. ಹಿಂದಿನ ಚಕ್ರಕ್ಕೆ ಮೋಟಾರು ಕೂರಿಸಿ, ಹೊಟ್ಟೆಯೊಳಗೆ ಬ್ಯಾಟರಿ ಇಟ್ಟು ಕೀಲಿ ಹಾಕಿದಾಗ ನನಗೆ ಜೀವ ಬಂತು. ಅದೊಂದು ಒಳ್ಳೆಯ ನೆನಪು. ಮುಂದಿನ ಕಥೆಯಲ್ಲಿ ಒಬ್ಬ ಗಂಡಸು ಬರುತ್ತಾನೆ. ಅವನನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಗದಗದ ಅಂಗಡಿಯಿಂದ ನನ್ನನ್ನು ತಂದವಳು ಕಸ್ತೂರೆವ್ವ, ಅಂಗನವಾಡಿ ಟೀಚರು. ಸೊಂಟನೋವಿನವಳು, ಅಂಗನವಾಡಿ ಇದ್ದ ಪಕ್ಕದ ಹಳ್ಳಿಗೆ ನಾಲ್ಕು ಕಿಲೋಮೀಟರು ನಡೆಯಲಾರಳು. ಹನ್ನೆರಡು ವರ್ಷ ಗಂಡ ಚನ್ನವೀರಪ್ಪನ ಮೋಟರ್‌ಸೈಕಲ್ ಹಿಂದೆ ಕೂತು ಹೋಗಿಬಂದಿದ್ದಳು. ಅವನು ದಿನವೂ, "ನಾ ಇಲ್ಲಂದ್ರ ನಿನ್ನ ನೌಕರಿ ನಡೀತದೇನ?" ಎಂದು ಕೇಳಿಯೇ ಕಿಕ್ ಹೊಡೆಯುತ್ತಿದ್ದ. ಸಿಟ್ಟು ಬಂದ ದಿನ ಕರೆದೊಯ್ಯುತ್ತಲೂ ಇರಲಿಲ್ಲ. ಇನ್ನೊಮ್ಮೆ ತಪ್ಪಿಸಿದರೆ ಕೆಲಸ ಹೋಗುತ್ತದೆ ಎಂದು ಮೇಲ್ವಿಚಾರಕಿ ಎಚ್ಚರಿಸಿದ ಮೇಲೆ ಅವಳು ನನ್ನನ್ನು ತಂದಳು.

"ಗಾಡಿ ವಿಚಾರ ಹೆಂಗಸರಿಗೆ ತಿಳಿಯಂಗಿಲ್ಲ, ನಾ ನೋಡ್ಕೋತೀನಿ" ಎಂದ ಚನ್ನವೀರಪ್ಪ, ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕುವ ಕೀಲಿಯನ್ನು ತನ್ನ ಸೊಂಟದ ಉಡದಾರಕ್ಕೆ ಕಟ್ಟಿಕೊಂಡ. ನನ್ನ ಜೊತೆ ಬಂದ ಪುಸ್ತಕ ಟ್ರಂಕಿನ ತಳ ಸೇರಿತು.

ಅವನ ಆರೈಕೆಯನ್ನು ಕೇಳಿ. ಪೂರ್ತಿ ಖಾಲಿಯಾಗುವವರೆಗೆ ಚಾರ್ಜಿಗೆ ಹಾಕುತ್ತಿರಲಿಲ್ಲ. ಹಾಕಿದರೆ, ಬಿಸಿಲಿಂದ ಬಂದು ಇನ್ನೂ ಸುಡುತ್ತಿದ್ದಾಗಲೇ, ಒಲೆಯ ಪಕ್ಕದಲ್ಲಿ, ಮೇಲೆ ಕೌದಿ ಹೊದಿಸಿ. ಧೂಳು ಕೂರಬಾರದಂತೆ! ಚೈನಿಗೆ ಅಡುಗೆಯ ಕುಸುಬಿ ಎಣ್ಣೆ ಸುರಿದ, ಅದು ಊರಿನ ಮಣ್ಣನ್ನೆಲ್ಲ ಹಿಡಿದುಕೊಂಡಿತು. ಟೈರಿನ ಗಾಳಿಯ ಮಾತನ್ನಂತೂ ಕೇಳಬೇಡಿ. ತಿಂಗಳು ಕಳೆದಂತೆ ನನ್ನ ಓಟ ಕುಗ್ಗಿತು. "ಹುಡುಗ್ರು ಆಡೂ ಸಾಮಾನ ಇದು" ಎಂದು ಅವನು ಕಟ್ಟೆಯ ಮೇಲೆ ಕೂತು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಯುಧ ಪೂಜೆಯ ದಿನ ಪೈಪು ಹಿಡಿದು ನನ್ನನ್ನು ಎಮ್ಮೆ ತೊಳೆದಂತೆ ತೊಳೆದ. ಕರೆಂಟು ಒಳಗೆ ಹೋಗುವ ಬಾಯಿಗೇ ಮೊದಲ ಪೂಜೆ ಎಂದು ಬ್ಯಾಟರಿಯ ಚಾರ್ಜಿಂಗ್ ತೂತಿಗೆ ಹಸಿ ಕುಂಕುಮ ಮೆತ್ತಿದ. ಹಬ್ಬ ಮುಗಿದ ಮೇಲೆ ಅದೇ ತೂತಿಗೆ ಚಾರ್ಜರ್ ಚುಚ್ಚಿದ. ಟಪ್ ಎಂದಿತು. ನಾನು ಸತ್ತೆ.

ಬೆಳಿಗ್ಗೆ ಅವಳು ಸೀರೆ ಉಟ್ಟು ಚೀಲ ಹಿಡಿದು ಬಂದಾಗ ಅವನು ಮೋಟರ್‌ಸೈಕಲ್ ಹೊರಗೆ ತೆಗೆದಿದ್ದ. "ನಾ ಅಂದಿದ್ನಿಲ್ಲ? ಬಾ, ಹಿಂದ ಕೂಡು." ಅವನ ಮುಖದಲ್ಲಿ ಹಬ್ಬ ಇನ್ನೂ ಮುಗಿದಿರಲಿಲ್ಲ.

ಅವಳು ಕೂರಲಿಲ್ಲ. ಟಂಟಂ ಆಟೋ ಕರೆಸಿ, ನನ್ನನ್ನು ಹೇರಿಸಿ ರಿಪೇರಿಯ ಮಕ್ತುಂಸಾಬನ ಅಂಗಡಿಗೆ ಇಳಿಸಿ, ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋದಳು. ಸಂಜೆ ಮಕ್ತುಂಸಾಬ ತೂತಿನಿಂದ ಕೆರೆದು ತೆಗೆದ ಕೆಂಪು ಕಸವನ್ನು ತೋರಿಸಿದ.

"ಫ್ಯೂಸ್ ಅಷ್ಟ ಹೋಗಿತ್ರಿ ಅಕ್ಕಾರ, ಬ್ಯಾಟರಿ ಉಳದೈತಿ. ಬಿಸಿಲಿಂದ ಬಂದ್ಮ್ಯಾಲ ಅರ್ಧ ತಾಸು ಆರಾಕ ಬಿಡ್ರಿ, ಆಮ್ಯಾಲ ಚಾರ್ಜಿಗೆ ಹಚ್ರಿ. ಪೂರಾ ಖಾಲಿ ಮಾಡಬ್ಯಾಡ್ರಿ, ತುಂಬಿದ ಕೂಡ್ಲೇ ತಗೀರಿ. ಪೈಪಿನ ನೀರು ಬ್ಯಾಡ, ಹಿಂಡಿದ ಅರಿವಿಲೆ ಒರಸ್ರಿ. ವಾರಕ್ಕೊಮ್ಮೆ ಗಾಳಿ ನೋಡ್ರಿ. ಇದನ್ನ ಇಷ್ಟು ದಿನ ಯಾರು ನೋಡ್ಕೋತಿದ್ರು?"

ಅವಳು ನನ್ನನ್ನು ಏರಿ ಮನೆಗೆ ಬಂದು ಕಟ್ಟೆಯ ಮೇಲಿದ್ದವನ ಮುಂದೆ ಕೈ ಚಾಚಿದಳು.

"ಕೀಲಿ ಕೊಡ್ರಿ."

"ಗಂಟು ಬಿಗದೈತಿ, ಬಿಚ್ಚಂಗಿಲ್ಲ."

ಅವಳು ಒಳಗಿನಿಂದ ಕತ್ತರಿ ತಂದಳು. ನಮ್ಮ ಕಡೆ ಗಂಡಸಿನ ಉಡದಾರ ಕತ್ತರಿಸುವುದು ಅವನು ಸತ್ತಾಗ ಮಾತ್ರ. ಕತ್ತರಿ ನೋಡಿದ ಚನ್ನವೀರಪ್ಪನ ಬೆರಳಿಗೆ ಗಂಟು ಅರೆಗಳಿಗೆಯಲ್ಲಿ ಬಿಚ್ಚಿತು. ಅವಳು ಕೀಲಿಯನ್ನು ತಾಳಿಯ ಪಿನ್ನಿಗೆ ಸಿಕ್ಕಿಸಿಕೊಂಡು, ಟ್ರಂಕಿನಿಂದ ಪುಸ್ತಕ ತೆಗೆದು ಓದಲು ಕೂತಳು.

ಅದಾಗಿ ಏಳು ವರ್ಷ. ಅವಳು ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಈಗ ನನಗೆ ವಯಸ್ಸಾಗಿದೆ, ಅರ್ಧ ದಾರಿಗೇ ಬ್ಯಾಟರಿ ಸುಸ್ತಾಗುತ್ತದೆ. ಅಂಗನವಾಡಿಯ ನೆರಳಿನಲ್ಲಿ ನಿಂತು ಮಕ್ಕಳ ಪದ್ಯ ಕೇಳುತ್ತಾ ಹಳೆಯದನ್ನೆಲ್ಲ ನೆನೆಯುತ್ತೇನೆ. ಕ್ಷಮಿಸಬೇಕಂತೆ. ನಾನು ಕ್ಷಮಿಸಿಲ್ಲ.

ಮೊನ್ನೆ ಚನ್ನವೀರಪ್ಪನ ಮೋಟರ್‌ಸೈಕಲ್ ಕೆಟ್ಟು ಅಂಗನವಾಡಿಯ ಹತ್ತಿರವೇ ನಿಂತಿತು. ಅವನು ತಲೆ ಬಗ್ಗಿಸಿ ಬಂದ. ಅವಳು ಕ್ಯಾರಿಯರ್ ಒರೆಸಿ ಅಂದಳು: "ಬರ್ರಿ, ಹಿಂದ ಕೂಡ್ರಿ."

ಕೂತ. ಏರು ಬಂದಾಗ ನಾನು ನಿಂತುಬಿಟ್ಟೆ. ಅವನು ಇಳಿದು, ಬೆವರು ಸುರಿಸುತ್ತಾ, ಅವಳನ್ನೂ ನನ್ನನ್ನೂ ಮೇಲಿನವರೆಗೆ ತಳ್ಳಿದ. ಬ್ಯಾಟರಿಯಲ್ಲಿ ಇನ್ನೂ ಎರಡು ಗೆರೆ ಚಾರ್ಜು ಉಳಿದಿತ್ತು.