ತೆಗೆದುಹಾಕಲೇ ಎಂದು ಕೇಳಿದ ದನಿ

ಜಗಳೂರಿನ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪ್ ಮಾಡಿಕೊಡುವ ಪುಷ್ಪಾಳಿಗೆ ಕಣ್ಣು ಕಾಣುವುದಿಲ್ಲ ಎಂದರೆ ಹೊಸಬರು ನಂಬುವುದಿಲ್ಲ. ಜನ ಬಂದು ತಮ್ಮ ಗೋಳು ಹೇಳುತ್ತಾರೆ, ಅವಳು ಟೈಪ್ ಮಾಡುತ್ತಾಳೆ, ಕಂಪ್ಯೂಟರು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಓದು ಎಷ್ಟು ವೇಗವೆಂದರೆ ಮಿಕ್ಕವರಿಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತದೆ. ಪುಷ್ಪಾಳಿಗೆ ಮಾತ್ರ ಒಂದಕ್ಷರವೂ ತಪ್ಪುವುದಿಲ್ಲ.

ಅದನ್ನು ಅವಳಿಗೆ ಹೊಂದಿಸಿಕೊಟ್ಟವನು ಗುರುಬಸವರಾಜ್. ಹೊನ್ನಾಳಿಯವನು, ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಯಾರೋ ಬಿಸಾಕಿದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿ, ಪರದೆ ಓದುವ ತಂತ್ರಾಂಶವನ್ನೂ ಕನ್ನಡದ ದನಿಯನ್ನೂ ಕೂರಿಸಿದ್ದ. ಆಮೇಲೆ ಏನಾದರೂ ಕೆಟ್ಟರೆ ಬರುತ್ತಿದ್ದ. ಬಂದರೆ ಸುಮ್ಮನೆ ಕೂತು ಕೆಲಸ ಮಾಡುವ ಆಸಾಮಿಯಲ್ಲ. ತನ್ನೂರ ಹೊಳೆಗೆ ನೀರೆಷ್ಟು ಬಂತು, ಬಸ್ಸಿನಲ್ಲಿ ಯಾರು ಯಾರ ಜೊತೆ ಸೀಟಿಗೆ ಕಿತ್ತಾಡಿದರು, ಎಲ್ಲ ವರದಿ ಒಪ್ಪಿಸುತ್ತಿದ್ದ. ಆ ಮಾತು ಕೇಳುತ್ತಾ ಕೇಳುತ್ತಾ ಪುಷ್ಪಾಳಿಗೆ ಅವನ ಮೇಲೆ ಮನಸ್ಸಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದಳು. ಅವಳ ಪ್ರಿಂಟರ್ ಮಾತ್ರ ಕಾರಣವಿಲ್ಲದೆ ಆಗಾಗ ಕೆಡುತ್ತಿತ್ತು.

ಅವತ್ತು ಅವನು ಕರೆಯದೇ ಬಂದ.

"ಅಂಗಡಿ ಖಾಲಿ ಮಾಡ್ತಾ ಇದೀನಿ ಪುಷ್ಪಾರೇ. ಮದುವೆ ಗೊತ್ತಾಗೈತೆ, ಇನ್ ಮ್ಯಾಲೆ ಹೊನ್ನಾಳಿಯಾಗೇ. ಹೋಗಾಕೆ ಮುಂಚೆ ನಿಮ್ಮ ಸಿಸ್ಟಮ್ ಪೂರ್ತಿ ಅಪ್‌ಗ್ರೇಡ್ ಮಾಡಿಬಿಡ್ತೀನಿ. ಆಮೇಲೆ ವರ್ಷಗಟ್ಲೆ ನನ್ನ ಹಂಗೇ ಬ್ಯಾಡ ನಿಮಗೆ."

ಎಷ್ಟು ಸಲೀಸಾಗಿ ಹೇಳಿದ ನೋಡಿ. ಕೆಲವರಿಗೆ ಕಣ್ಣಿದ್ದೂ ಏನು ಪ್ರಯೋಜನ? ಪುಷ್ಪಾ ಕೀಬೋರ್ಡನ್ನು ಅವನ ಕಡೆ ಸರಿಸಿದಳು. "ಒಳ್ಳೇದಾಯ್ತು ಬಿಡಿ ಸರ್" ಎಂದಳು.

ಅವನು ಅಪ್‌ಗ್ರೇಡ್ ಶುರು ಮಾಡುವಷ್ಟರಲ್ಲಿ ಫೋನ್ ಬಂತು. ಮದುವೆಯಾಗುವ ಹುಡುಗಿಯದು. ನಗುತ್ತಾ ಎದ್ದ.

"ಏನೇನು ತೆಗೆದುಹಾಕ್ತೀನಿ ಅಂತ ಈಗ ಓದ್ತೈತೆ, ಕೇಳಿಸ್ಕಳ್ರಿ. ಬೇಕಾದ್ದೇನಾರ ಅದ್ರಾಗಿದ್ರೆ ಮುಟ್ಟಬ್ಯಾಡ್ರಿ, ನನ್ನ ಕರೀರಿ. ಇಲ್ಲಾಂದ್ರೆ ವೈ ಒತ್ತಿ, ಎಂಟರ್ ಒತ್ರಿ."

ಅವನು ಹೊರಗೆ ಹೋದ. ಕಂಪ್ಯೂಟರು ಓದತೊಡಗಿತು. ಹೊಸದಾಗಿ ಬರುವವುಗಳ ಹೆಸರು ಮುಗಿದ ಮೇಲೆ ಹೋಗುವವು ಬಂದವು. ಯಾರೂ ಆಡದ ಒಂದು ಇಸ್ಪೀಟಾಟ. ಒಂದು ಹಾಡಿನ ತಂತ್ರಾಂಶ. ಆಮೇಲೆ, ರಾಗವಿಲ್ಲದ ಅದೇ ದನಿಯಲ್ಲಿ, ಕನ್ನಡದ ದನಿಯ ಹೆಸರು. ಕೊನೆಗೆ ಪರದೆ ಓದುವ ತಂತ್ರಾಂಶದ ಹೆಸರು. ಹೊಸದಕ್ಕೂ ಹಳೆಯದಕ್ಕೂ ಎಲ್ಲೋ ಹೊಂದಿಕೆಯಾಗದೆ ಅವೆರಡೂ ಹೋಗುವವುಗಳ ಸಾಲಿಗೆ ಬಿದ್ದಿದ್ದವು. ತನ್ನನ್ನೇ ತೆಗೆಯುತ್ತಾರೆಂದು ತಾನೇ ಓದಿ, ಮುಂದುವರಿಸಲೇ ಎಂದು ಕೇಳಿ ಅದು ನಿಂತಿತು.

ಸರ್ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹೊರಗೆ ಅವನು, "ಹಸಿರು ಬ್ಯಾಡ, ಆ ಕೆಂಪಂಚಿನ ಸೀರೇನೇ ತಗ" ಎನ್ನುತ್ತಿದ್ದ. ದನಿ ಹೋದರೆ ಕೆಲಸ ಹೋಗುತ್ತದೆಂದು ಪುಷ್ಪಾಳಿಗೆ ಗೊತ್ತಿತ್ತು. ದನಿ ಹೋದರೆ ಅವನು ಮತ್ತೆ ಮತ್ತೆ ಬರಲೇಬೇಕಾಗುತ್ತದೆಂದೂ ಗೊತ್ತಿತ್ತು. ವೈ ಒತ್ತಿದಳು. ಎಂಟರ್ ಒತ್ತಿದಳು.

ನಡೆಯುತ್ತಿರುವುದನ್ನೆಲ್ಲ ಓದುತ್ತಾ ಹೋದ ದನಿ ಒಂದು ಪದದ ನಡುವೆ ಗಪ್ಪನೆ ನಿಂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗುರುಬಸವರಾಜ್ ಒಳಗೆ ಬಂದವನೇ ಗಾಬರಿಯಾದ. "ಅಯ್ಯೋ, ದನೀನೇ ಹೋಗೈತಲ್ರೀ! ಓದಲಿಲ್ವಾ ಅದು?"

"ಬೇಗ ಬೇಗ ಓದ್ತು ಸರ್. ಗೊತ್ತಾಗ್ಲಿಲ್ಲ."

ಅವಳಿಗೆ ಬೇಗವಂತೆ! ಆ ಪುಣ್ಯಾತ್ಮ ಅದನ್ನೂ ನಂಬಿದ. "ನಂದೇ ತಪ್ಪು. ಬಿಟ್ಟು ಹೋಗಬಾರ್ದಿತ್ತು" ಎಂದು ಕೂತ. ಹಳೇ ದನಿಯನ್ನು ವಾಪಸ್ ತರಲು ಹೋದರೆ ಹೊಸ ವ್ಯವಸ್ಥೆ ಒಪ್ಪಲಿಲ್ಲ. ನೆಟ್ ಬೇರೆ ತೆವಳುತ್ತಿತ್ತು. ಇವತ್ತು ಬರಾಕಾಗಲ್ಲ ಎಂದು ಹುಡುಗಿಗೆ ಹೇಳಿದ. ಪುಷ್ಪಾಳ ಅವ್ವ ಚೌಡಕ್ಕ ಮಂಡಕ್ಕಿ, ಚಾ ತಂದುಕೊಟ್ಟಳು. ಪುಷ್ಪಾ ಪಕ್ಕದಲ್ಲಿ ಕೂತು ಅವನು ಗೊಣಗುವುದನ್ನೂ ನಿಟ್ಟುಸಿರು ಬಿಡುವುದನ್ನೂ ಕೇಳಿಸಿಕೊಂಡಳು. ಬಾಯಿ ಕಟ್ಟಿದ ಕಂಪ್ಯೂಟರಿನ ಮುಂದೆ ಅಷ್ಟು ಸುಖವಾಗಿ ಅವಳು ಯಾವತ್ತೂ ಕೂತಿರಲಿಲ್ಲ.

ಹೊತ್ತು ಮುಳುಗುವಾಗ ಕಂಪ್ಯೂಟರು ಮಾತಾಡಿತು. ಬೇರೆ ದನಿ, ಮೂಗಿನಲ್ಲಿ ಮಾತಾಡುವ ಒಬ್ಬ ಹೆಂಗಸಿನದು.

"ಮತ್ತೆ ಹಿಂಗಾದ್ರೆ ಬರ್ತೀರಲ್ಲಾ ಸರ್?" ಎಂದು ಕೇಳಿದಳು ಪುಷ್ಪಾ.

"ಬರೋ ಪ್ರಮೇಯಾನೇ ಇಲ್ಲ ಪುಷ್ಪಾರೇ. ಈ ದನಿನ ಯಾವ ಅಪ್‌ಗ್ರೇಡೂ ತೆಗಿಯಾಕಾಗದಂಗೆ ಬಿಗಿ ಮಾಡೀನಿ. ಹೊನ್ನಾಳಿಯಾಗೆ ಕುಂತೇ ನಿಮ್ಮ ಕಂಪ್ಯೂಟರ್ ಒಳಗೆ ಬರಂಗೂ ಮಾಡೀನಿ. ಪ್ರಿಂಟರ್ ಕೆಟ್ರೂ ಅಲ್ಲಿಂದ್ಲೇ ನೋಡ್ತೀನಿ. ನೀವು ಫೋನ್ ಮಾಡೋ ಗೋಜೂ ಬ್ಯಾಡ."

ಎಷ್ಟು ಕಾಳಜಿಯಿಂದ ಹೇಳಿದ! ಬೈಯೋಣವೆಂದರೆ ಅವನಲ್ಲಿ ಒಂದು ತಪ್ಪೂ ಇರಲಿಲ್ಲ.

ಅವನ ಮದುವೆ ಮುಗಿದ ಮೇಲೆ ಒಂದು ಬೆಳಿಗ್ಗೆ, ಬಿಳಿಚೋಡಿನ ಜಂಪಣ್ಣ ತನ್ನ ಕುರಿಗಳು ರೋಗ ಬಂದು ಸತ್ತವೆಂದು ಅರ್ಜಿ ಬರೆಸಲು ಕೂತಿದ್ದ. ಪುಷ್ಪಾ ಕೈಯಿಡುವ ಮೊದಲೇ ಕಂಪ್ಯೂಟರು ಮಾತಾಡತೊಡಗಿತು. ಅದೇನೋ ತೆರೆಯಿತು, ಅದೇನೋ ಮುಚ್ಚಿತು. ಆಮೇಲೆ ಪರದೆಯ ಮೇಲೆ ಮೂಡಿದ ಸಾಲನ್ನು ಆ ಮೂಗಿನ ಹೆಂಗಸು ಓದಿದಳು: "ಪುಷ್ಪಾರೇ, ನಾನು ಗುರುಬಸವರಾಜ್. ಎಲ್ಲಾ ಸರಿ ಐತಾ?"

ಪುಷ್ಪಾ ಕಿವಿಗೊಟ್ಟು ಕಾದಳು. ಹೊಳೆಯ ಸುದ್ದಿಯಿಲ್ಲ, ಬಸ್ಸಿನ ಸುದ್ದಿಯಿಲ್ಲ, ನಗುವಿಲ್ಲ. ಸರಿ ಐತೆ ಸರ್ ಎಂದು ಟೈಪ್ ಮಾಡಿದಳು. ಅದನ್ನೂ ಅದೇ ಹೆಂಗಸು ಓದಿದಳು. ಅಷ್ಟಕ್ಕೆ ಅವನ ಕಡೆಯಿಂದ ಮುಚ್ಚಿಹೋಯಿತು. ಇಷ್ಟು ದಿನ ತಡೆದಿದ್ದ ಅಳು ಒತ್ತರಿಸಿಕೊಂಡು ಬಂತು.

"ಯಾಕವ್ವಾ ಅಳ್ತೀಯ?" ಎಂದ ಜಂಪಣ್ಣ ಕಕ್ಕಾಬಿಕ್ಕಿಯಾಗಿ. "ಸತ್ತಿರಾದು ನನ್ನ ಕುರಿ ಅಲ್ವಾ?"

"ಅವಕ್ಕೇ ಕಣಣ್ಣ" ಎಂದಳು ಪುಷ್ಪಾ. "ಹೇಳು, ಬರಕಂತೀನಿ."